ಎಡಗಡೆಯ ದಾರಿ

ಸುಪ್ರೀತಾ,

ನಿನ್ನೆ ಶ್ರವಣ್ ನನ್ನನ್ನು ಜಬಲ್ ಅಖ್ದರ್ ಬೆಟ್ಟಕ್ಕೆ ಕರೆದೊಯ್ದಿದ್ದ. ಕುರುಚಲು ಬಯಲು ಹಾದು, ಜೂನಿಪರ್ ಕಾಡು ಸುತ್ತಿ, ಹೊರಟಲ್ಲಿಗೇ ಬರುವ ದಾರಿ. ಸುತ್ತಿ ಬಳಸಿ ಮಾತಾಡುವ ನನ್ನ ಗಂಡನಿಗೆ ಹೇಳಿಮಾಡಿಸಿದ್ದು. ಮರಗಳೋ ನಮ್ಮ ರೂವಿ ಕನ್ನಡ ಸಂಘದ ಹಿರಿಯರಂತೆ: ವಯಸ್ಸು ಜಾಸ್ತಿ, ನೆರಳು ಕಡಿಮೆ.

"ನಾನೂ ಇಲ್ಲಿಗೆ ಫಸ್ಟ್ ಟೈಮ್ ಮಾರಾಯ್ತಿ" ಎಂದಿದ್ದವನು, ದಾರಿ ಕವಲೊಡೆದಲ್ಲಿ ಯೋಚಿಸದೆ, "ಎಡಕ್ಕೆ ಹೋಗುವ, ಮಂಡಿಗೆ ಕಷ್ಟ ಇಲ್ಲ" ಎಂದ.

"ಯಾರ ಮಂಡಿಗೆ?"

"ಯಲ್ಲಾ, ನಡಿ ನಡಿ. ಬಿಸಿಲು ಏರ್ತದೆ."

ನನ್ನ ಮಂಡಿ ಗಟ್ಟಿಯಾಗಿದೆ. ನೋಯುತ್ತಿದ್ದದ್ದು ನಿನ್ನದು. ಇಳಿಯುವಾಗ ಬೇಕೆಂದೇ ಕುಂಟಿದೆ. ಹೆಜ್ಜೆಯ ಸದ್ದಿಗೇ, ತಿರುಗಿಯೂ ನೋಡದೆ, ಅವನು ಕೈ ಹಿಂದಕ್ಕೆ ಚಾಚಿದ. ಎಷ್ಟು ರೂಢಿಯಾದ ಕೈ!

ಕಳೆದ ವರ್ಷ ನೀನು ಹೇಳದೆ ಕೇಳದೆ ಗಲ್ಫ್ ಬಿಟ್ಟು ಮಂಗಳೂರಿಗೆ ಹೊರಟುಹೋದೆ. ಇಂಥ ಅನುಮಾನಗಳನ್ನೆಲ್ಲ ನಾನು ಮೊದಲು ಹೇಳುತ್ತಿದ್ದದ್ದು ನಿನಗೇ.