ಮೂರನೆಯ ಮೂಲೆ

ಫೆಬ್ರವರಿ ೫, ಬುಧವಾರ

…ಅಷ್ಟಕ್ಕೂ ಕುದುರೆ ಸೋಮಾರಿಯೇನಲ್ಲ, ಹೋದ ವಾರ ಹಾಗೆ ಬರೆದದ್ದು ನನ್ನ ತಪ್ಪು. ಬೇರೆಲ್ಲ ಕಡೆ ಗಡಿಯಾರದಂತೆ ನಡೆಯುತ್ತದೆ. ಮರಳಂಗಳದ ಮೂರನೆಯ ಮೂಲೆ ಬಂತೋ, ನಿಂತಿತು. ಪ್ರತಿ ಸುತ್ತೂ. ಇವತ್ತೂ.

ಇವಳು, ನನ್ನ ಹೆಂಡತಿ, ಹೋಗಿ ನಾಲ್ಕು ತಿಂಗಳು. ಹಾರ್ಟು ಅಂದರು ಡಾಕ್ಟರು. ಬಹಳ ದಿನದಿಂದ ಸೂಚನೆ ಇದ್ದಿರಬೇಕಲ್ಲ ಅಂದರು. ನನಗೇನೂ ಕಂಡಿರಲಿಲ್ಲ. ತಮ್ಮನನ್ನು ವಾರ ವಾರ ಈ ಕುದುರೆ ಚಿಕಿತ್ಸೆಯ ಕೇಂದ್ರಕ್ಕೆ ಕರೆತರುತ್ತಿದ್ದವಳು ಇವಳೇ. ಈಗ ಆ ಡ್ಯೂಟಿ ನನ್ನದು. ಕುದುರೆಯ ಎಡಕ್ಕೆ, ಭಾಮೈದನ ತೊಡೆಗೆ ಕೈ ಅಡ್ಡ ಇಟ್ಟು ನಡೆಯಬೇಕು. ಇವಳ ಜಾಗ.

ಅವನಿಗೆ ನಲವತ್ತೆರಡು. ಎಂ.ಎಸ್. — ಮಲ್ಟಿಪಲ್ ಅಂತ ಶುರು, ಮುಂದಿನ ಸ್ಪೆಲಿಂಗ್ ಇಂದಿಗೂ ಬರುವುದಿಲ್ಲ. ನರದ ಹೊದಿಕೆ ಸವೆಯುವ ಕಾಯಿಲೆ, ಕಾಲು ಕೊರಡಾಗುತ್ತದೆ. ಕುದುರೆ ನಡೆದಂತೆ ಮೇಲೆ ಕೂತವನ ಸೊಂಟವೂ ನಡೆಯುತ್ತದಂತೆ, ಕಾಲಿಗೆ ತನ್ನ ಕೆಲಸ ನೆನಪಾಗುತ್ತದಂತೆ. ನಾನು ನಂಬಿರಲಿಲ್ಲ. ಆದರೆ ಇಳಿದ ಮೇಲೆ ಎರಡು ದಿನ ಕೋಲಿಲ್ಲದೆ ಬಚ್ಚಲಿಗೆ ಹೋಗುತ್ತಾನೆ. ಇನ್ನೇನು ಪ್ರೂಫ್ ಬೇಕು.

ಕುದುರೆಗೆ ಅವನಿಟ್ಟ ಹೆಸರು ಮೇಷ್ಟ್ರಮ್ಮ. ಬೂದು ಬಣ್ಣ, ವಯಸ್ಸಾಗಿದೆ, ನನ್ನನ್ನು ನೋಡುವ ನೋಟವೂ ಹೆಸರಿಗೆ ತಕ್ಕಂತಿದೆ. ಕಾಲೇಜಿನಲ್ಲಿ ಕುದುರೆಯ ಮೇಲೆ ಎಸ್ಸೇ ಬರೆದಿದ್ದೆ. 'ದಿ ಹಾರ್ಸ್ ಈಸ್ ಎ ಫೇಯ್ತ್‌ಫುಲ್ ಅನಿಮಲ್.' ಅಥವಾ ಅದು ನಾಯಿಯ ಮೇಲೋ. ಎರಡಕ್ಕೂ ಹತ್ತಕ್ಕೆ ನಾಲ್ಕು ಬಂದಿತ್ತು.

ಫೆಬ್ರವರಿ ೧೨, ಬುಧವಾರ

ಬಿದ್ದ ಅನ್ನುವಂತಿಲ್ಲ. ಜಾರಿದ. ಅದೇ ಮೂಲೆ. ಮೇಷ್ಟ್ರಮ್ಮ ತಟ್ಟನೆ ನಿಂತಿತು, ಅವನು ನನ್ನ ಕಡೆ ವಾಲಿದ, ನಾನು ಮರಳಿಗೆ, ಅವನು ನನ್ನ ಮೇಲೆ. "ಪರವಾಗಿಲ್ಲ ಭಾವ, ಒಳ್ಳೆ ಹಾಸಿಗೆ ಥರ ಇದೀರ" ಅಂದ.

ಲಗಾಮು ಹಿಡಿದಿದ್ದ ಫಿಜಿಯೋ ನಗಲಿಲ್ಲ. ಹೊಸಬಳು, ಬಂದು ಮೂರು ತಿಂಗಳು. ಈ ಚಾಳಿ ಬಿಡಿಸಬೇಕು, ಬಿಡದಿದ್ದರೆ ಇವರನ್ನು ಹತ್ತಿಸುವುದನ್ನೇ ನಿಲ್ಲಿಸಬೇಕಾಗುತ್ತದೆ ಎಂದಳು. ಇವನಿಗೆ ಒಗ್ಗುವ ನಡಿಗೆಯ ಕುದುರೆ ಅಲ್ಲಿ ಬೇರೆ ಇಲ್ಲ. ಆಮೇಲೆ ಕುದುರೆಯ ಕುತ್ತಿಗೆ ಸವರುತ್ತ ಅಂದಳು: "ಇದು ಸುಮ್ಸುಮ್ನೆ ನಿಲ್ಲಲ್ಲ ಸಾರ್. ಯಾರೋ ಕಲಿಸಿದಾರೆ."

ಭಾಮೈದನ ಮುಖ ಇಳಿಯಿತು. ದಾರಿಯುದ್ದಕ್ಕೂ ಕಾರಿನ ಕಿಟಕಿಯ ಕಡೆಗೇ ಮುಖ ಮಾಡಿ ಕೂತ. ಬಾಯಿಗೆ ಬೀಗ ಹಾಕಿ ಗೊತ್ತಿಲ್ಲದ ಮನುಷ್ಯ ಅವನು.

ಫೆಬ್ರವರಿ ೧೩, ಬೆಳಿಗ್ಗೆ

ಇನ್ನು ಕುದುರೆ ಬೇಡ ಅಂದ. ಯಾಕೆ ಅಂದೆ. ಕಾಫಿಯಲ್ಲಿ ಚಮಚ ತಿರುಗಿಸಿದ.

"ನಿಲ್ಲಿಸ್ತಾ ಇದ್ದಿದ್ದು ಅಕ್ಕ, ಭಾವ."

ಮೂರನೆಯ ಮೂಲೆ ಬಂದಾಗ ಇವಳು ಅಂಗಳದ ಸುತ್ತಲಿನ ಕಟಕಟೆ ಹಿಡಿದು, ಕುದುರೆಗೆ ಸುಸ್ತಾಗಿದೆ, ಸ್ವಲ್ಪ ನಿಲ್ಲಲಿ ಅನ್ನುತ್ತಿದ್ದಳಂತೆ. ಮೊದಮೊದಲು ಒಂದು ಸಲ. ಕೊನೆಕೊನೆಗೆ ಪ್ರತಿ ಸುತ್ತೂ. ಸುಸ್ತು ಯಾರಿಗೆಂದು ಮೇಲೆ ಕೂತವನಿಗೆ ಕೇಳಿಸುತ್ತಿತ್ತು. ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದಳು. "ಭಾವಂಗೆ ಗೊತ್ತಾದ್ರೆ ನಿನ್ನ ಸವಾರಿ ನಿಲ್ಲುತ್ತೆ ಅಂದ್ಲು. ನಾನೂ ಸುಮ್ನಾದೆ. ನನ್ನ ಕಾಲಿಗೋಸ್ಕರ…"

ನಾನು ಎದ್ದು ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ. ಕೋಪ. ಯಾರ ಮೇಲೆ?

ಮೆಟ್ಟಿಲು ಹತ್ತುವಾಗ ಅರ್ಧಕ್ಕೆ ನಿಂತು, ಕೆಳಗೆ ಚಿಲಕ ಹಾಕಿದ್ರಾ ಅಂತ ಕೇಳುತ್ತಿದ್ದಳು. ದಿನಾ. ಹಾಕಿದೆ ಕಣೇ, ಎಷ್ಟು ಸಲ ಹೇಳಲಿ ಅನ್ನುತ್ತಿದ್ದೆ.

ಫೆಬ್ರವರಿ ೨೭

ಎರಡು ಬುಧವಾರ ಹೋದವು. ಈಗ ಅವನಿಗೆ ಎರಡು ಕೋಲು. ಬಚ್ಚಲಿಗೆ ಹೋಗಲು ನನ್ನ ಹೆಗಲೂ ಬೇಕು. ನಾವಿಬ್ಬರೂ ಹವಾಮಾನದ ವಿಷಯ ಮಾತಾಡುತ್ತೇವೆ, ರೈಲಿನಲ್ಲಿ ಎದುರು ಸೀಟಿನವರ ಹಾಗೆ.

ಇವತ್ತು ಹೇಳಿಯೇಬಿಟ್ಟೆ. ನಿನ್ನ ಕೈಲಿ ಆಣೆ ಹಾಕಿಸಿದಳು, ಸರಿ. ಪಕ್ಕದಲ್ಲೇ ಮಲಗುತ್ತಿದ್ದವನು ನಾನು, ಕುದುರೆಗೆ ತಿಳಿದದ್ದು ನನಗೆ ತಿಳಿಯಲಿಲ್ಲ. ತಪ್ಪಿನ ಲೆಕ್ಕ ಹಾಕುವುದಾದರೆ ಮೊದಲ ನಂಬರ್ ನನ್ನದು ಎಂದೆ.

"ಉಸಿರು ಕಟ್ಟಿದ್ರೂ ನಡೆಸಿದ್ಲಲ್ಲೋ ನಿನ್ನ. ಅದನ್ನ ಕೂತು ಹಾಳು ಮಾಡ್ತೀಯಾ?"

"ಅದು ಮತ್ತೆ ಅಲ್ಲೇ ನಿಂತ್ರೆ?"

"ನಾನು ನಿಲ್ಲಲ್ಲ."

ಮಾರ್ಚ್ ೫, ಬುಧವಾರ, ಸಂಜೆ

ಮೊದಲ ಸುತ್ತು, ನಿಂತಿತು. ಎರಡನೆಯದು, ನಿಂತಿತು. ಫಿಜಿಯೋ ಮೆಲ್ಲಗೆ ಹೇಳಿದಳು, ಮೂಲೆ ಬರುತ್ತಿದ್ದಂತೆ ನಿಧಾನವಾಗುತ್ತಿರುವುದು ನಾನೇ ಅಂತೆ. ನನ್ನ ಹೆಗಲು ನೋಡಿ ಅದು ನಿಲ್ಲುತ್ತದಂತೆ. ಇದ್ದೀತು. ಅಲ್ಲಿ ಇವಳಿದ್ದಾಳೇನೋ ಎಂಬ ಹಾಗೆ ಕಾಲು ತಾನೇ ತಡೆಯುತ್ತಿತ್ತು.

ಮೂರನೆಯ ಸುತ್ತಿಗೆ ದೂರದ ಗೇಟಿನ ಮೇಲೆ ಕಣ್ಣು ನೆಟ್ಟೆ. ಬಾಯಿಗೆ ಏನು ಹೇಳುವುದೋ ತೋಚದೆ ಆ ಎಸ್ಸೇ ಹೇಳತೊಡಗಿದೆ. ದಿ ಹಾರ್ಸ್ ಈಸ್ ಎ ಫೇಯ್ತ್‌ಫುಲ್ ಅನಿಮಲ್. ಇಟ್ ಹ್ಯಾಸ್ ಫೋರ್ ಲೆಗ್ಸ್. ಇಟ್ ಗಾರ್ಡ್ಸ್ ಅವರ್ ಹೌಸ್.

"ಭಾವ, ಅದು ನಾಯಿ."

ಮೇಷ್ಟ್ರಮ್ಮನ ಒಂದು ಕಿವಿ ಹಿಂದಕ್ಕೆ ತಿರುಗಿತು. ಹೆಜ್ಜೆ ತಡೆಯಿತು. ನಾನು ತಡೆಯಲಿಲ್ಲ. ದಾಟಿತು. ಉಳಿದ ಐದು ಸುತ್ತೂ ದಾಟಿತು. ಮೇಲೆ ಅವನು ಮೂಗು ಎಳೆಯುತ್ತಿದ್ದ. ನೋಡಲಿಲ್ಲ, ತೊಡೆಯ ಮೇಲಿನ ಕೈಯನ್ನಷ್ಟೇ ಒತ್ತಿದೆ.

ಅವನು ಇಳಿದು, ಜೀನು ತೆಗೆದ ಮೇಲೆ, ಒಂದು ಸುತ್ತು ಮೇಷ್ಟ್ರಮ್ಮನನ್ನು ನಾನೊಬ್ಬನೇ ಕರೆದುಕೊಂಡು ಹೋಗಲೇ ಎಂದು ಫಿಜಿಯೋಳನ್ನು ಕೇಳಿದೆ. ಜೀನು ಇಳಿದರೆ ಡ್ಯೂಟಿ ಮುಗಿಯಿತೆಂದು ಅದಕ್ಕೆ ಗೊತ್ತು, ಈಗ ಎಲ್ಲಿ ನಿಂತರೂ ಚಾಳಿಯಾಗದು ಎಂದಳು. ಯಾಕೆಂದು ಕೇಳಲಿಲ್ಲ. ಒಳ್ಳೆಯ ಹುಡುಗಿ.

ಮೂರನೆಯ ಮೂಲೆ. ಹಗ್ಗ ಸಡಿಲ ಬಿಟ್ಟೆ. ನಿಂತಿತು. ನಾನು ಕಟಕಟೆ ಹಿಡಿದುಕೊಂಡೆ. ಇವಳು ಎಷ್ಟು ಹೊತ್ತು ನಿಲ್ಲುತ್ತಿದ್ದಳೋ ತಿಳಿಯದು. ಸುಮ್ಮನೆ ನನ್ನ ಉಸಿರು ಎಣಿಸಿದೆ. ಹನ್ನೊಂದಕ್ಕೆ ಮೇಷ್ಟ್ರಮ್ಮ ತಾನಾಗಿ ಹೆಜ್ಜೆ ಕಿತ್ತಿತು.

ಹನ್ನೊಂದು. ಅಷ್ಟು ಬೇಕಾಗುತ್ತಿತ್ತು ಇವಳಿಗೆ.

ಒಳಗೆ ಅವನು ಓಡಾಡುತ್ತಿದ್ದಾನೆ, ಒಂದೇ ಕೋಲಿನ ಸದ್ದು. ಇನ್ನೂ ಬರೆಯುವುದಿತ್ತು. ಬೆಳಕು ಹೋಗುತ್ತಿದೆ, ಅಕ್ಷರದ ಮೇಲೆ ಅಕ್ಷರ ಬೀಳುತ್ತಿದೆ. ದೀಪ ಹಾಕಲು ನಾನು ಏಳುವುದಿಲ್ಲ. ಅವನನ್ನೇ ಕೂಗುತ್ತೇನೆ, ನಡೆದು ಬರಲಿ—