ಬಸ್ ನಿಲ್ದಾಣದ ತೀರ್ಪು

ಗೂಬೆ,

ಈ ಸಲ ‘ಪ್ರೀತಿಯ’ ಎಂದು ಸೇರಿಸಲು ಕೈ ಬರಲಿಲ್ಲ. ಅಡ್ಡಹೆಸರನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಕಾಲೇಜಿನ ದಿನಗಳಲ್ಲಿ, ಕತ್ತಲ ಚಿತ್ರಮಂದಿರದಲ್ಲಿ ಕಣ್ಣು ಮಿಟುಕಿಸದೆ ಕೂರುತ್ತಿದ್ದ ನಿನಗೆ ಅದನ್ನಿಟ್ಟವಳು ನಾನೇ ತಾನೆ?

ಆ ಮುಖವಾಡದ ವೀರನ ಸರಣಿಯ ಒಂದು ಚಿತ್ರವನ್ನೂ ನಾವು ಬೇರೆಬೇರೆಯಾಗಿ ನೋಡಿದವರಲ್ಲ. ಚಿತ್ರ ಮುಗಿದ ಮೇಲೆ ಬಸ್ ನಿಲ್ದಾಣ ಮುಟ್ಟುವವರೆಗೆ ತುಟಿ ಬಿಚ್ಚಬಾರದು ಎಂಬ ನಿಯಮ ನಿನ್ನದು. ಹೊರಗೆ ಅಭಿಮಾನಿಗಳು ಗುಂಪು ಕಟ್ಟಿಕೊಂಡು ವೀರನ ಮೇಲಂಗಿಯ ಬಣ್ಣಕ್ಕೂ ಹೊಲಿಗೆಗೂ ಕಿತ್ತಾಡುತ್ತಿದ್ದರೆ ನಾವು ಮೂಗರಂತೆ ಅವರನ್ನು ದಾಟಿ ಹೋಗುತ್ತಿದ್ದೆವು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತ ಮೇಲೆಯೇ ತೀರ್ಪು. “ಮನಸ್ಸಿಗೆ ಬಂದಿದ್ದು ಹೇಳು, ಇಲ್ಲಿ ಹೇಳಿದ್ದು ಇಲ್ಲೇ ಇರತ್ತೆ” ಎನ್ನುತ್ತಿದ್ದೆ ನೀನು. ನಾನು ನಂಬಿದೆ.

ಕಳೆದ ಭಾಗದಲ್ಲಿ ವೀರ ಮುಖವಾಡ ತೆಗೆದು ತಂದೆಯ ಮುಂದೆ ನಿಲ್ಲುತ್ತಾನೆ. ಮುದುಕನಿಗೆ ಮಗನ ಗುರುತೇ ಸಿಗುವುದಿಲ್ಲ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಮರೆವಿನ ಕಾಯಿಲೆ ಹಿಡಿದ ನನ್ನ ಅಪ್ಪ ಆ ವಾರವಷ್ಟೇ “ಯಾರಮ್ಮ ನೀನು?” ಎಂದು ಕೇಳಿದ್ದನ್ನು, ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತಿದ್ದನ್ನು ಆ ಬೆಂಚಿನ ಮೇಲೆ ನಿನಗೆ ಹೇಳಿದೆ. ಅಮ್ಮನಿಗೂ ಹೇಳಿರಲಿಲ್ಲ.

ಮರುದಿನವೇ ನಿನ್ನ ವಿಮರ್ಶೆಯ ವಿಡಿಯೊ ಬಂತು. ನಮ್ಮ ಕನ್ನಡಕದ ಅಂಗಡಿಯಲ್ಲಿ ನಾನು ಒಬ್ಬ ಅಜ್ಜಿಯ ಕಣ್ಣು ಪರೀಕ್ಷಿಸುತ್ತಿದ್ದೆ. ಕೌಂಟರಿನ ಹುಡುಗಿ ಮೊಬೈಲಿನಲ್ಲಿ ನಿನ್ನ ವಿಡಿಯೊ ಹಾಕಿಕೊಂಡು ನಗುತ್ತಿದ್ದಳು. ಗ್ರಾಫಿಕ್ಸ್ ಕಳಪೆ ಎಂದೆ ನೀನು. ಹಿಂದೆ ವೀರನ ಎಡಗೆನ್ನೆಯಲ್ಲಿದ್ದ ಗಾಯ ಈಗ ಬಲಕ್ಕೆ ಬಂದಿದೆ ಎಂದೆ. ಅನ್ನು, ಅದು ನಿನ್ನ ಕಸುಬು. ಆಮೇಲೆ ಹೇಳಿದೆಯಲ್ಲ: “ಈ ಸೀನಿಗೂ ಅಳೋರಿದ್ದಾರೆ ಸ್ವಾಮಿ. ನನ್ನ ಪಕ್ಕದಲ್ಲೇ ಒಬ್ಬಳಿದ್ಲು. ಮನೇಲಿ ಅಪ್ಪ ಗುರುತು ಹಿಡಿಯಲ್ಲ ಅಂತ ಇಲ್ಲಿ ಬಂದು ಮೂಗು ಸುರಿಸೋದು. ಇಂಥೋರಿಂದಾನೇ ಇಂಥ ಸಿನಿಮಾ ಓಡೋದು.”

ನಿನ್ನ ಮೊದಲ ವಿಡಿಯೊಗೆ ನಮ್ಮ ಹಜಾರದಲ್ಲಿ ಕೈ ಸೋಲುವವರೆಗೆ ಟಾರ್ಚ್ ಹಿಡಿದು ನಿಂತಿದ್ದ ಅಪ್ಪ ಜನರಿಗೆ ನಗೆಯ ಸರಕಾದರು. ಆ ಅಜ್ಜಿಗೆ ಕನ್ನಡಕದ ಯಾವ ನಂಬರು ಬರೆದುಕೊಟ್ಟೆನೋ ದೇವರಿಗೇ ಗೊತ್ತು.

ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಆ ದೃಶ್ಯದಲ್ಲಿ ನೀನೂ ಅತ್ತಿದ್ದೆ. ಕನ್ನಡಕ ಮಂಜಾಯಿತೆಂದು ನನ್ನ ಕರವಸ್ತ್ರ ಇಸಿದುಕೊಂಡು ಒರೆಸಿಕೊಂಡೆ. ದಿನವಿಡೀ ಕನ್ನಡಕಗಳ ಜೊತೆ ಏಗುವವಳಿಗೆ ಆ ಕಥೆ ಕಟ್ಟಬೇಡ. ಅಭಿಮಾನಿಗಳೆಲ್ಲ ಚಿತ್ರಕ್ಕೆ ಉಗಿಯುತ್ತಿದ್ದಾರೆಂದು ನೀನೂ ಉಗಿದೆ, ಅಷ್ಟೇ. ಅವರು ಬೆನ್ನು ತಟ್ಟಲೆಂದು ನನ್ನನ್ನು ಬೀದಿಗೆ ತಂದೆ.

ಹೊಸ ಭಾಗ ಬಂದಿದೆ, ಹೋಗೋಣ ಬಾ ಎಂದು ಮೊನ್ನೆ ಏನೂ ಆಗದವನಂತೆ ಸಂದೇಶ ಕಳಿಸಿದೆಯಲ್ಲ. ನಾನು ಅಪ್ಪನ ಜೊತೆ ಹೋಗಿಬಂದೆ. ಅರ್ಧ ಚಿತ್ರ ಅವರಿಗೆ ನಿದ್ದೆ. ನಿಯಮ ಗೊತ್ತಿಲ್ಲದಿದ್ದರೂ ನಿಲ್ದಾಣದವರೆಗೆ ಒಂದು ಮಾತೂ ಆಡಲಿಲ್ಲ. ನೀನು ಕೂರುತ್ತಿದ್ದ ಜಾಗದಲ್ಲೇ ಕೂತರು. ಬಸ್ಸು ಬರುವ ಮುಂಚೆ ನನ್ನ ಮುಖವನ್ನೇ ನೋಡಿ, ಕೈ ಹಿಡಿದುಕೊಂಡು, ಏನೋ ಹೇಳಿದರು.

ಮೊದಲಾಗಿದ್ದರೆ ಓಡಿಬಂದು ನಿನಗೇ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಅಲ್ಲಿ ಹೇಳಿದ್ದು ಅಲ್ಲೇ ಇರುತ್ತದೆ.

ಕತ್ತಲಲ್ಲಿ ಬಂದ ಕಣ್ಣೀರನ್ನು ಬೆಳಕಿನಲ್ಲೂ ನನ್ನದೇ ಎನ್ನುವ ಧೈರ್ಯ ಎಂದಾದರೂ ನಿನಗೆ ಬರಲಿ. ಚೆನ್ನಾಗಿರು.

ಇತಿ,
ನಿನ್ನ ಪಕ್ಕದ ಸೀಟಿನಲ್ಲಿದ್ದವಳು