ಗೋಣಿಯ ಕೆಳಗಿನ ಕಾಲು

12 ಸೆಪ್ಟೆಂಬರ್ 1998, ಶನಿವಾರ, ಬೆಳಿಗ್ಗೆ

ಮತ್ತೆ ವ್ಯಾನಿನ ಕ್ಲಚ್ ಕೈಕೊಟ್ಟಿದೆ. ಕರಟಿನಾ ಪೇಟೆಯ ಟ್ರಿಪ್ ತಪ್ಪಿಹೋಯಿತು. "ಮದುವೆ ಗಂಡು ಸಿಟ್ಟು ಮಾಡ್ಕೋಬಾರ್ದು" ಅಂತ ಮೆಕ್ಯಾನಿಕ್ ಹಲ್ಲು ಕಿರಿದ. ಮಾಡಿಕೊಂಡೆ.

ನಾಳೆ ಹೆಣ್ಣು ಕೇಳಲು ನ್ಯಾವೀರಾಳ ಮನೆಗೆ. ಆಡು, ಜೇನುಹೆಂಡ, ದೊಡ್ಡಪ್ಪ — ಎಲ್ಲ ಇದೇ ವ್ಯಾನಿನಲ್ಲಿ. ಹಿಂದಿನ ಗಾಜಿನ ಮೇಲಿನ ಅಕ್ಷರ ಮಾಸಿತ್ತು, ಹೊಸದಾಗಿ ಬರೆಸಿದೆ: 'ಕಾಡಿನ ವೀರನ ಮೊಮ್ಮಗ'. ಬಿಳಿಯರ ಆಳ್ವಿಕೆಯ ವಿರುದ್ಧ ಹೋರಾಡಲು ಕಾಡು ಸೇರಿ, ವಾಪಸ್ ಬರದ ಅಜ್ಜ ಕಿಹಾರಾ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು. ಹಾಗಾಗಿ ನಾನೂ ಕಿಹಾರಾ. ಹೆಸರು ಬಂದರೆ ಆಳೇ ಬಂದ ಹಾಗೆ ನಮ್ಮಲ್ಲಿ. ಶೋಶೋ — ಅಪ್ಪನ ತಾಯಿ — ಹುಟ್ಟಿದಾಗಿನಿಂದ ನನ್ನನ್ನು ಗಂಡ ಅಂತಲೇ ಕರೆಯುವುದು.

"ಏನ್ರೀ, ನಾನಿರೋವಾಗ್ಲೇ ಇನ್ನೊಬ್ಬಳನ್ನ ತರ್ತೀರಂತೆ?" ಅಂದಳು, ಜೋಳ-ಅವರೆ ಬೇಯಿಸಿದ ಗಿಥೇರಿ ಬಡಿಸುತ್ತಾ.

"ನೀನು ಮುದುಕಿ ಆದೆ ಕಣೇ" ಅಂದೆ. ಸೌಟಿನಲ್ಲೇ ಒಂದು ಬಿತ್ತು.

13, ಭಾನುವಾರ, ಸಂಜೆ

ಬರೆಯದಿದ್ದರೆ ಯಾರಿಗಾದರೂ ಬಾರಿಸುತ್ತೇನೆ.

ಎಲ್ಲ ಚೆನ್ನಾಗಿಯೇ ಇತ್ತು. ಕೊನೆಗೆ ನ್ಯಾವೀರಾಳ ಅಜ್ಜಿ ವಾಮೂಯು ಕೈಗೆ ಹೆಂಡದ ಕೊಂಬು ಕೊಟ್ಟೆ. ಆಕೆ ಕುಡಿದರೆ ಒಪ್ಪಿಗೆ. ಹೆಸರು ಕೇಳಿದಳು, ಹೇಳಿದೆ. ಊರು ಕೇಳಿದಳು, ಹೇಳಿದೆ. ಕೊಂಬನ್ನು ನೆಲಕ್ಕೆ ಬಗ್ಗಿಸಿಬಿಟ್ಟಳು. ಅಷ್ಟೂ ಜನರ ಮುಂದೆ.

"ಕಾಡಿನವರ ಕಡೆಯೋರು ಯಾರು ಅಂತ ಹುಡುಕೋಕೆ ಬಿಳಿಯರು ಸುತ್ತಲ ಊರಿನ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದ್ರು" ಅಂದಳು. "ಒಬ್ಬನಿಗೆ ತಲೆಯಿಂದ ಗೋಣಿ ಹೊದಿಸಿ ತಂದ್ರು. ಕಣ್ಣಿಗೆ ಎರಡು ತೂತು. ಯಾರ ಮುಂದೆ ಅವನು ತಲೆ ಆಡಿಸ್ದ, ಅವರನ್ನ ಎಳ್ಕೊಂಡು ಹೋದ್ರು. ನಮ್ಮನೆಯವರು ಹೋದೋರು ಹೋದ್ರು. ಮುಖ ಕಾಣ್ಲಿಲ್ಲ, ಕಾಲು ಕಾಣ್ತು. ಎಡಗಾಲಿಗೆ ಹೆಬ್ಬೆರಳಿರ್ಲಿಲ್ಲ. ನಿಮ್ಮೂರ ಕಿಹಾರಾನೇ ಅಂತ ಜನ ಅಂದ್ರು. ನಾನು ಜನರ ಮಾತು ನಂಬೋಳಲ್ಲ. ಹೋಗು, ನಿನ್ನ ಅಜ್ಜಿನ ಕೇಳು. ಬೆರಳಿತ್ತು ಅಂದ್ರೆ ಬಾ, ಕುಡೀತೀನಿ. ಇರ್ಲಿಲ್ಲ ಅಂದ್ರೂ ಬಂದು ಹೇಳು. ಸುಳ್ಳಿನ ಮನೆಗೆ ಮಾತ್ರ ನನ್ನ ಮೊಮ್ಮಗಳನ್ನ ಕಳಿಸಲ್ಲ."

ದೊಡ್ಡಪ್ಪ ಆಡುಗಳನ್ನು ವಾಪಸ್ ಹತ್ತಿಸಿದ. ದಾರಿಯುದ್ದಕ್ಕೂ ಮುದುಕಿಗೆ ಶಾಪ ಹಾಕಿದೆ. ನನ್ನ ಅಜ್ಜ! ಗೋಣಿ ಹೊದ್ದು! ಅವಳ ನಾಲಿಗೆಗೆ ಹುಳ ಬೀಳಲಿ.

14, ಸೋಮವಾರ

ಶೋಶೋಳನ್ನು ಕೇಳಿದೆ. ಅವರೆ ಬಿಡಿಸುತ್ತಿದ್ದಳು.

"ಸತ್ತೋನ ಬೆರಳು ತಗೊಂಡು ಏನ್ಮಾಡ್ತೀಯಾ? ಹೋಗು, ಕೆಲಸ ನೋಡು."

ಇತ್ತು ಅನ್ನಲಿಲ್ಲ. ಇರಲಿಲ್ಲ ಅನ್ನಲಿಲ್ಲ. ಏನ್ರೀ ಅಂತಲೂ ಅನ್ನಲಿಲ್ಲ.

19, ಶನಿವಾರ

ಸಂತೆ ಹಿಂದಿನ ಮುದುಕ ಮುರೀಥಿಯ ಬಳಿ ಹೋದೆ. ಬಿಳಿಯರ ಹೋಂಗಾರ್ಡ್ ಪಡೆಯಲ್ಲಿದ್ದವನು. ಮುಚ್ಚಿಟ್ಟವನಲ್ಲ, ಅದಕ್ಕೇ ಇಂದಿಗೂ ಅವನ ಜೊತೆ ಯಾರೂ ಟೀ ಕುಡಿಯುವುದಿಲ್ಲ.

"ಅಜ್ಜ ಕಾಡಿಗೆ ಹೋಗಿದ್ದು ನಿಜವಾ?"

"ಹೋಗಿದ್ದ ಕಣಪ್ಪ. ನಮ್ಮ ಜೊತೆ. ತೋಳಿಗೆ ಪಟ್ಟಿ ಕಟ್ಕೊಂಡು, ಕಾಡಿನವರನ್ನ ಬೇಟೆ ಆಡೋಕೆ." ನಕ್ಕ. ಹಲ್ಲೇ ಇಲ್ಲ. "ನಿನ್ನ ವ್ಯಾನಿನ ಮೇಲೆ ಬರ್ಸಿದ್ದೀಯಲ್ಲ, ಓದಿದಾಗೆಲ್ಲ ನಗ್ತೀನಿ."

ಕುತ್ತಿಗೆಪಟ್ಟಿ ಹಿಡಿದೆ. ಮುದುಕ ಹೆದರಲಿಲ್ಲ.

"ಗೋಣಿಯೊಳಗೆ ಯಾರು ಅಂತ ನಮಗೂ ಹೇಳ್ತಿರ್ಲಿಲ್ಲ. ಕಾಲು ಗೊತ್ತಿರೋದು ಹೆಂಡ್ತಿಗೆ. ಅವಳನ್ನ ಕೇಳು."

ಬಿಟ್ಟೆ.

20, ಭಾನುವಾರ

ಬ್ಲೇಡು ಹಿಡಿದು ಗಾಜು ಕೆರೆದೆ. 'ಮೊಮ್ಮಗ' ಮಾತ್ರ ಎಷ್ಟು ಕೆರೆದರೂ ಹೋಗುತ್ತಿಲ್ಲ. ಥೂ.

ಅಪ್ಪ ಈ ಸುಳ್ಳನ್ನೇ ನಂಬಿ ಸತ್ತ. ನಾನು ಸ್ಕೂಲಿನಲ್ಲಿ ಎದೆ ಉಬ್ಬಿಸಿ ಭಾಷಣ ಮಾಡಿದೆ. ಊರೆಲ್ಲ ಚಪ್ಪಾಳೆ ತಟ್ಟಿತು. ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಎಲ್ಲರೂ ಸೇರಿ ಕಿವಿಗೆ ಹೂವಿಟ್ಟರು.

ನ್ಯಾವೀರಾ ಸ್ಟಾಂಡಿಗೆ ಬಂದಿದ್ದಳು. "ನಿಮ್ಮಜ್ಜ ಮಾಡಿದ್ದಕ್ಕೆ ನಿನ್ನ ಬಿಡ್ತೀನಿ ಅಂತ ನಾನಂದ್ನಾ? ನೀನು ಬಾಯಿ ಮುಚ್ಕೊಂಡು ಕೂತ್ರೆ ಬಿಡ್ತೀನಿ" ಅಂದಳು. ಅವಳ ಮೇಲೂ ರೇಗಿದೆ. ತಿರುಗಿ ನೋಡದೆ ಹೋದಳು.

4 ಅಕ್ಟೋಬರ್, ಭಾನುವಾರ, ಸಂಜೆ

ಇಷ್ಟು ದಿನ ಶೋಶೋಳ ಮನೆ ಮೆಟ್ಟಿಲು ಹತ್ತಿರಲಿಲ್ಲ. ಇವತ್ತು ಹೋದೆ. ಕೂಗಾಡಿದೆ. ಅಕ್ಕಪಕ್ಕದವರು ಹೊರಗೆ ಬಂದರು. ಬರಲಿ. ಅವಳು ಉರಿ ಸಣ್ಣದು ಮಾಡಿ, ಎದುರಿನ ಮಣೆ ತೋರಿಸಿದಳು.

"ಬೂಟು ಬಿಚ್ಚು."

ಯಾಕೋ ಬಿಚ್ಚಿದೆ. ಎಡಗಾಲು ತೊಡೆ ಮೇಲಿಟ್ಟುಕೊಂಡು ಹೆಬ್ಬೆರಳು ಹಿಡಿದಳು.

"ಇಲ್ಲಿ ಇರ್ಲಿಲ್ಲ. ಕಾಲಿಗೆ ಹೊಕ್ಕೋ ಹುಳ ತಿಂದಿತ್ತು. ಆ ಗಾಯ ತೊಳೆದು ಕಟ್ಟಿದೋಳು ನಾನು. ನಾನೂ ಆ ಸಾಲಲ್ಲಿದ್ದೆ. ಪಕ್ಕದಲ್ಲಿ ನಮ್ಮಣ್ಣ. ಅಣ್ಣನ ಮುಂದೆ ಬಂದು ಗೋಣಿ ತಲೆ ಆಡಿಸ್ತು. ನಾನು ಕಾಲು ನೋಡ್ತಿದ್ದೆ."

"ಮನೆಗೆ ಬಂದಾಗ ಕೇಳಲಿಲ್ವಾ?"

"ಊಟ ಕೇಳಿದ್ರು. ಬಡಿಸ್ದೆ. ಆಮೇಲೆ ಕಾಡಿನವರು ಕೊಂದ್ರು, ಕೇಳೋಕೆ ಯಾರೂ ಉಳೀಲಿಲ್ಲ. ಮಕ್ಕಳಿಗೆ ಏನಂತ ಹೇಳಲಿ? ಕಾಡಿಗೆ ಹೋದ್ರು ಅಂದೆ."

ಬೆರಳು ಬಿಡಲಿಲ್ಲ. ನನ್ನ ಮುಖ ನೋಡಿದಳು. ತಮಾಷೆ ಇರಲಿಲ್ಲ ಕಣ್ಣಲ್ಲಿ.

"ಯಾಕ್ರೀ ತಲೆ ಆಡಿಸಿದ್ರಿ?"

ನಾನಲ್ಲ ಅನ್ನಬೇಕಿತ್ತು. ಆಗಲಿಲ್ಲ. ಇದನ್ನು ಕೇಳಲು ಅಷ್ಟು ವರ್ಷ ಕಾದಿದ್ದಾಳೆ.

ನಾಳೆ ವಾಮೂಯು ಅಜ್ಜಿಯ ಮನೆಗೆ. ಶೋಶೋಳೂ ಬರುತ್ತಾಳಂತೆ. ಬೆರಳಿರಲಿಲ್ಲ ಅಂತ ಅವಳೇ ಹೇಳುತ್ತಾಳೆ. ಆಮೇಲೆ ವಾಮೂಯು ಅಜ್ಜಿಯೂ ಇದನ್ನೇ ಕೇಳುತ್ತಾಳೆ, ನನ್ನ ಹೆಸರು ಹಿಡಿದು. ಅಜ್ಜನ ಬದಲು ನಾನು ಏನು ಹೇಳಬೇಕು ಅಂದರೆ —